ಹಾಯಿದೋಣಿಯ ಎಂಜಿನ್ನಿಗೆ ಎರಡು ನೀರು

ಬೆಂಕಿಯನ್ನು ಒಡಲಲ್ಲಿಟ್ಟುಕೊಂಡು ದುಡಿಯುವ ಯಂತ್ರಕ್ಕೆ ನೀರೇ ಕಾವಲು. ರೈತನ ಹೊಲದ ಪಂಪ್‌ಸೆಟ್ಟಾಗಲಿ, ಊರಿಂದೂರಿಗೆ ಓಡುವ ಬಸ್ಸಾಗಲಿ, ಕಡಲ ಮೇಲೆ ತೇಲುವ ದೋಣಿಯಾಗಲಿ, ಎಣ್ಣೆಯನ್ನುರಿಸಿ ಶಕ್ತಿ ಪಡೆಯುವ ಎಂಜಿನ್ನು ಆ ಉರಿಯ ತಾಪವನ್ನು ಮತ್ತೊಂದಕ್ಕೆ ಒಪ್ಪಿಸದೆ ಹೋದರೆ ಕೆಲವೇ ನಿಮಿಷಗಳಲ್ಲಿ ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಹಾಗೆ ತಾಪವನ್ನು ಹೊರುವ ನೀರಿಗೂ ಒಂದು ಆಯುಷ್ಯವುಂಟೆಂಬುದು, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿರುವಾಗ ಅದು ಒಳಗೊಳಗೇ ಸತ್ವಗುಂದುತ್ತದೆಂಬುದು, ಸೋರದಿದ್ದರೂ ಬತ್ತದಿದ್ದರೂ ಕಾಲಕಾಲಕ್ಕೆ ಅದನ್ನು ಪೂರ್ತಿಯಾಗಿ ತೆಗೆದು ಹೊಸದನ್ನು ತುಂಬಬೇಕೆಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. ಹಾಯಿದೋಣಿಯೊಳಗಿನ ಸಣ್ಣ ಡೀಸೆಲ್ ಎಂಜಿನ್ನನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಾಳಿಯಿಂದ ಸಾಗುವ ದೋಣಿಗೆ ಎಂಜಿನ್ನೇಕೆ ಎಂಬ ಪ್ರಶ್ನೆ ಮೊದಲಿಗೇ ಏಳುವುದು ಸಹಜ. ನಡುಗಡಲಿನಲ್ಲಿ ಹಾಯಿಯೇ ಸಾಕು. ಆದರೆ ಬಂದರಿನ ಇಕ್ಕಟ್ಟಾದ ಬಾಯಿಯನ್ನು ಹೊಗುವಾಗ, ದೋಣಿಯನ್ನು ಕಟ್ಟೆಗೆ ಒರಗಿಸುವಾಗ, ಗಾಳಿ ಇದ್ದಕ್ಕಿದ್ದಂತೆ ನಿಂತುಹೋಗಿ ನೀರಿನ ಸೆಳೆತವು ದೋಣಿಯನ್ನು ಬಂಡೆಗಳ ಕಡೆಗೆ ಒಯ್ಯುತ್ತಿರುವಾಗ, ದೊಡ್ಡ ಹಡಗೊಂದು ಎದುರಾಗಿ ಬರುತ್ತಿರುವಾಗ ಎಂಜಿನ್ನಲ್ಲದೆ ಬೇರೆ ಗತಿಯಿಲ್ಲ. ವರ್ಷದ ಬಹುಭಾಗ ಸುಮ್ಮನೆ ಕುಳಿತಿರುವ ಈ ಯಂತ್ರವು ಕರೆದ ಗಳಿಗೆಯಲ್ಲಿ ಎದ್ದು ನಿಲ್ಲಬೇಕು. ಎದ್ದ ಮೇಲೆ ಕಾದು ಕುಸಿಯಬಾರದು. ಅದು ಕೈಕೊಟ್ಟರೆ ಹೋಗುವುದು ಕೇವಲ ಯಂತ್ರವಲ್ಲ, ದೋಣಿಯೂ ಅದರಲ್ಲಿರುವವರ ಪ್ರಾಣವೂ ಅಪಾಯಕ್ಕೆ ಸಿಲುಕುತ್ತವೆ.

ಹಾಯಿದೋಣಿಯ ವಿಷಯ ಕನ್ನಡಿಗರಿಗೆ ತೀರ ದೂರದ್ದೂ ಅಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ, ಗೋವೆಗೆ ಇಳಿದು ಮಾಂಡೋವಿ ಎನ್ನಿಸಿಕೊಳ್ಳುವ ಮಹದಾಯಿ ನದಿಯ ಹೆಸರನ್ನೇ ಭಾರತೀಯ ನೌಕಾಪಡೆಯ ಹಾಯಿದೋಣಿಯೊಂದು ಹೊತ್ತಿದೆ. ಗೋವೆಯಲ್ಲೇ ನಿರ್ಮಾಣವಾದ ಆ ‘ಮ್ಹಾದೇಯಿ’ಯಲ್ಲಿ ದಿಲೀಪ್ ದೋಂದೆಯವರು 2009–10ರಲ್ಲಿ ಏಕಾಂಗಿಯಾಗಿ, ನಾಲ್ಕೇ ಬಂದರುಗಳಲ್ಲಿ ತಂಗಿ, ಭೂಪ್ರದಕ್ಷಿಣೆ ಮಾಡಿದರು. ಅದೇ ದೋಣಿಯಲ್ಲಿ ಅಭಿಲಾಷ್ ಟಾಮಿಯವರು 2012–13ರಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಂಡಲವನ್ನು ಸುತ್ತಿ ಬಂದರು. ‘ತಾರಿಣಿ’ ಎಂಬ ಅದರ ಸೋದರಿ ದೋಣಿಯಲ್ಲಿ 2017–18ರಲ್ಲಿ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಈ ಸಾಧನೆಯನ್ನು ಮಾಡಿದರು. ಇಂತಹ ಯಾತ್ರೆಗಳಲ್ಲಿ ದೋಣಿಯನ್ನು ಮುನ್ನಡೆಸುವುದು ಗಾಳಿಯೇ. ಆದರೂ ದೂರ ಸಾಗುವ ದೋಣಿಗಳ ಒಡಲಲ್ಲಿ ಡೀಸೆಲ್ ಎಂಜಿನ್ನೊಂದನ್ನು ಇಡುವುದು ಇಂದು ಎಲ್ಲೆಡೆಯ ರೂಢಿ.

ಬೆಂಕಿಯ ಲೆಕ್ಕ

ಜರ್ಮನಿಯ ರುಡಾಲ್ಫ್ ಡೀಸೆಲ್ಲರು ತಮ್ಮ ಎಂಜಿನ್ನನ್ನು ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದುದು 1897ರಲ್ಲಿ. ಅದರ ತತ್ತ್ವ ಸರಳ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಅದುಮಿದರೆ ಅದು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆಯನ್ನು ಸೂಕ್ಷ್ಮ ತುಂತುರಾಗಿ ಚಿಮ್ಮಿಸಿದ ಕೂಡಲೇ ಕಿಡಿಯ ಹಂಗಿಲ್ಲದೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊತ್ತಿದ ಕ್ಷಣದಲ್ಲಿ ಒಳಗಿನ ಅನಿಲದ ತಾಪ ಸುಮಾರು 2,000 ಡಿಗ್ರಿಯನ್ನು ಮುಟ್ಟುತ್ತದೆ. ಬೀಡುಕಬ್ಬಿಣ ಕರಗುವುದು 1,200 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಎಂಜಿನ್ನು ಕಟ್ಟಲ್ಪಟ್ಟಿರುವುದಾದರೋ ಈ ಲೋಹಗಳಿಂದಲೇ! ತನ್ನನ್ನು ಕರಗಿಸಬಲ್ಲ ಬೆಂಕಿಯನ್ನು ಅದು ನಿಮಿಷಕ್ಕೆ ಸಾವಿರಾರು ಬಾರಿ ತನ್ನೊಳಗೆ ಹೊತ್ತಿಸುತ್ತದೆ.

ಉರಿದ ಎಣ್ಣೆಯ ಶಕ್ತಿಯೆಲ್ಲವೂ ಕೆಲಸಕ್ಕೆ ಒದಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲೊಂದು ಪಾಲು ದೋಣಿಯ ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆಯಲ್ಲಿ ಹೊರಟುಹೋಗುತ್ತದೆ. ಉಳಿದುದರ ಬಹುಭಾಗ ಎಂಜಿನ್ನಿನ ಗೋಡೆಗಳಿಗೆ ಇಳಿಯುತ್ತದೆ. ಗೋಡೆಗೆ ಇಳಿದ ಈ ತಾಪವನ್ನು ಬಿಡುವಿಲ್ಲದೆ ಎತ್ತಿಕೊಂಡು ಹೋಗಲು ಒಬ್ಬ ಆಳು ಬೇಕು. ಆ ಕೆಲಸಕ್ಕೆ ನೀರಿಗೆ ಸರಿಗಟ್ಟುವ ದ್ರವ ಸುಲಭವಾಗಿ ಸಿಗುವುದಿಲ್ಲ. ಒಂದೇ ತೂಕದ ನೀರನ್ನೂ ಕಬ್ಬಿಣವನ್ನೂ ಒಂದು ಡಿಗ್ರಿಯಷ್ಟು ಕಾಯಿಸುವುದಾದರೆ ನೀರಿಗೆ ಕಬ್ಬಿಣದ ಒಂಬತ್ತು ಪಟ್ಟು ಉಷ್ಣ ಬೇಕು. ಎಂದರೆ, ನೀರು ತಾನು ಹೆಚ್ಚು ಕಾಯದೆ ಹೆಚ್ಚು ತಾಪವನ್ನು ಹೊರಬಲ್ಲದು.

ಒಳನೀರು, ಹೊರನೀರು

ನೀರನ್ನು ಹೀಗೆ ಬಳಸುವುದರಲ್ಲಿ ಎರಡು ಮಾರ್ಗಗಳಿವೆ. ನಮ್ಮ ಹೊಲಗಳ ಹಳೆಯ ಡೀಸೆಲ್ ಪಂಪ್‌ಸೆಟ್ಟುಗಳಲ್ಲಿ ಬಾವಿಯಿಂದ ಎತ್ತಿದ ನೀರಿನ ಸಣ್ಣದೊಂದು ಪಾಲು ಸಿಲಿಂಡರನ್ನು ಬಳಸಿ ಹರಿದು ಬಿಸಿಯಾಗಿ ಕಾಲುವೆಗೆ ಬೀಳುತ್ತಿದ್ದುದನ್ನು ಅನೇಕರು ಕಂಡಿರಬಹುದು. ಅಲ್ಲಿ ನೀರು ಬರುತ್ತದೆ, ಹೋಗುತ್ತದೆ, ಮರಳಿ ಬರುವುದಿಲ್ಲ. ಬಸ್ಸಿನಲ್ಲಾದರೆ ನೀರು ಅಷ್ಟೇ. ಅದೇ ನೀರು ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಸುತ್ತುತ್ತಿರುತ್ತದೆ, ಗಾಳಿ ಅದನ್ನು ತಣಿಸುತ್ತದೆ. ದೋಣಿಯ ಎಂಜಿನ್ನಿನಲ್ಲಿ ಈ ಎರಡು ಮಾರ್ಗಗಳೂ ಒಂದಾಗಿ ಕೂಡಿವೆ.

ಸುತ್ತಲೂ ಕಡಲೇ ಇರುವಾಗ ಅದರ ನೀರನ್ನೇ ನೇರವಾಗಿ ಎಂಜಿನ್ನಿನೊಳಗೆ ಹರಿಸಬಾರದೇಕೆ? ಹಿಂದೆ ಹಾಗೆಯೇ ಮಾಡುತ್ತಿದ್ದರು. ಈಗಲೂ ಕೆಲವು ಹಳೆಯ ಎಂಜಿನ್ನುಗಳು ಹಾಗೆಯೇ ಇವೆ. ಆದರೆ ಮಹಾಸಾಗರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಆ ನೀರು ಸುಮಾರು 60 ಡಿಗ್ರಿಗೆ ಮೀರಿ ಕಾದರೆ ಅದರೊಳಗಿನ ಸುಣ್ಣದಂಶ ಬೇರ್ಪಟ್ಟು ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಬಚ್ಚಲುಮನೆಯ ಹಂಡೆಯೊಳಗೆ ಗಡಸುನೀರು ಕಟ್ಟುವ ಬಿಳಿಯ ಹಕ್ಕಳೆಯನ್ನು ನೋಡಿದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಹಕ್ಕಳೆ ಕಟ್ಟಿದಷ್ಟೂ ತಾಪ ನೀರಿಗೆ ಇಳಿಯದು, ದಾರಿಯೂ ಕಿರಿದಾಗುತ್ತದೆ. ಇದನ್ನು ತಪ್ಪಿಸಲು ಎಂಜಿನ್ನನ್ನು ಕಡಿಮೆ ತಾಪದಲ್ಲೇ ನಡೆಸಿದರೆ ಎಣ್ಣೆ ಸರಿಯಾಗಿ ಉರಿಯದು. ಇವೆಲ್ಲಕ್ಕೂ ಮೇಲಾಗಿ ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ.

ಆದುದರಿಂದ ಈಚಿನ ದೋಣಿಗಳ ಎಂಜಿನ್ನುಗಳಿಗೆ ಎರಡು ನೀರುಗಳ ಏರ್ಪಾಡಾಗಿದೆ. ಒಳನೀರು ಬಂಧಿತವಾದುದು. ಅದು ಸಿಲಿಂಡರುಗಳ ಸುತ್ತಲೂ ಅವುಗಳ ತಲೆಯ ಭಾಗದಲ್ಲಿಯೂ ಹರಿದು, ಉಷ್ಣ ವಿನಿಮಯಕವೆಂಬ ಪಾತ್ರೆಗೆ ಬಂದು, ಅಲ್ಲಿ ತಣಿದು ಮರಳಿ ಎಂಜಿನ್ನಿಗೆ ಹೋಗುತ್ತದೆ. ಹೊರನೀರು ಎಂದರೆ ಕಡಲನೀರು. ಅದು ದೋಣಿಯ ತಳದ ನಲ್ಲಿಯಿಂದ ಬಂದು, ಕಸಕಡ್ಡಿಗಳನ್ನು ಹಿಡಿಯುವ ಜರಡಿಯನ್ನು ದಾಟಿ, ರಬ್ಬರಿನ ರೆಕ್ಕೆಗಳುಳ್ಳ ಪಂಪಿನಿಂದ ತಳ್ಳಲ್ಪಟ್ಟು, ಅದೇ ವಿನಿಮಯಕದೊಳಗಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಹಾಯುತ್ತದೆ. ಕೊಳವೆಯ ಒಂದು ಮಗ್ಗುಲಿಗೆ ಒಳನೀರು, ಇನ್ನೊಂದು ಮಗ್ಗುಲಿಗೆ ಹೊರನೀರು. ತಾಪ ಕೈಬದಲಾಗುತ್ತದೆ, ನೀರುಗಳು ಬೆರೆಯುವುದಿಲ್ಲ. ತಾಪವನ್ನು ಹೊತ್ತ ಕಡಲನೀರು ಕೊನೆಗೆ ಹೊಗೆಯ ಕೊಳವೆಗೆ ಸುರಿದು, ಹೊಗೆಯನ್ನೂ ತಣಿಸಿ, ಅದರೊಡನೆ ದೋಣಿಯ ಹಿಂಬದಿಯಿಂದ ಹೊರಬೀಳುತ್ತದೆ.

ಒಳನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಪುಟ್ಟ ದ್ವಾರಪಾಲಕನಿರುತ್ತಾನೆ. ಅದರೊಳಗಿನ ಮೇಣ ಕಾದು ಉಬ್ಬಿದಾಗ ಬಾಗಿಲು ತೆರೆಯುತ್ತದೆ. ತಣಿದು ಕುಗ್ಗಿದಾಗ ಮುಚ್ಚುತ್ತದೆ. ಅನೇಕ ಸಣ್ಣ ಎಂಜಿನ್ನುಗಳಲ್ಲಿ ಇದು 70ರಿಂದ 80 ಡಿಗ್ರಿಯ ನಡುವೆ ತೆರೆಯತೊಡಗುತ್ತದೆ. ಅಲ್ಲಿಯವರೆಗೆ ನೀರು ವಿನಿಮಯಕಕ್ಕೆ ಹೋಗದೆ ಎಂಜಿನ್ನಿನೊಳಗೇ ಸುತ್ತಿ ಅದನ್ನು ಬೇಗ ಹದಕ್ಕೆ ತರುತ್ತದೆ. ಉಪಾಧ್ಯಾಯರು ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಹಳೆಯ ಥರ್ಮೋಸ್ಟಾಟ್ ಒಂದನ್ನು ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕವನ್ನಿಟ್ಟು ಕಾಯಿಸಿದರೆ, ಬಾಗಿಲು ತೆರೆಯುವ ಗಳಿಗೆಯನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಬರಿಯ ನೀರು ಏಕೆ ಸಾಲದು

ಒಳನೀರು ಉಪ್ಪಿಲ್ಲದ್ದಾದರೂ ಬರಿಯ ನೀರಾಗಿದ್ದರೆ ಸಾಲದು. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಚಳಿ. ಹಾಯಿದೋಣಿಯ ವಿಹಾರ ಬಹಳವಾಗಿ ಬೆಳೆದಿರುವ ಸ್ವೀಡನ್ ಮೊದಲಾದ ಬಾಲ್ಟಿಕ್ ತೀರದ ದೇಶಗಳಲ್ಲಿ ಶರತ್ಕಾಲ ಬಂತೆಂದರೆ ದೋಣಿಗಳನ್ನು ನೀರಿನಿಂದೆತ್ತಿ ದಡದ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಚಳಿಗಾಲದಲ್ಲಿ ಅಲ್ಲಿನ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ನೀರು ಹೆಪ್ಪುಗಟ್ಟುವಾಗ ತನ್ನ ಗಾತ್ರದ ಸುಮಾರು 9 ಶೇಕಡದಷ್ಟು ಹಿಗ್ಗುತ್ತದೆ. ಎಂಜಿನ್ನಿನೊಳಗೆ ಸಿಕ್ಕಿಬಿದ್ದ ನೀರು ಹೀಗೆ ಹಿಗ್ಗಿದರೆ ಬೀಡುಕಬ್ಬಿಣವೂ ಬಿರಿಯುತ್ತದೆ. ಒಮ್ಮೆ ಬಿರಿದ ಎಂಜಿನ್ನು ಹೆಚ್ಚುಕಡಿಮೆ ಗುಜರಿಯ ಪಾಲಾದಂತೆಯೇ. 

ಎರಡನೆಯದು ಕುದಿತ. ಎಂಜಿನ್ನು ಹೆಚ್ಚು ದುಡಿಯುವಾಗ ಸಿಲಿಂಡರಿನ ತಲೆಯ ಬಳಿ ನೀರು ಅಲ್ಲಲ್ಲಿ ಕುದಿದು ಆವಿಯ ಗುಳ್ಳೆಗಳಾದರೆ, ಗುಳ್ಳೆಯಿರುವೆಡೆಯಲ್ಲಿ ಲೋಹಕ್ಕೆ ತಂಪಿಲ್ಲ. ಈ ಕುದಿತವನ್ನು ಮುಂದೂಡಲು ಒಳನೀರಿನ ತೊಟ್ಟಿಗೆ ಒತ್ತಡದ ಮುಚ್ಚಳವನ್ನು ಹಾಕಿರುತ್ತಾರೆ. ವಾಯುಮಂಡಲದ ಒತ್ತಡದ ಮೇಲೆ ಮತ್ತೆ ಅಷ್ಟೇ ಒತ್ತಡ ಸೇರಿದರೆ ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಅಡುಗೆಮನೆಯ ಕುಕ್ಕರಿನದೂ ಇದೇ ನಿಯಮ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಲೋಹಗಳ ಸವಕಳಿ. ಒಂದೇ ಎಂಜಿನ್ನಿನಲ್ಲಿ ಬೀಡುಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಬೆಸುಗೆಯ ಸೀಸ-ತವರ ಎಲ್ಲವೂ ಒಂದೇ ನೀರಿನಲ್ಲಿ ನೆನೆಯುತ್ತಿರುತ್ತವೆ. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಒಂದೇ ದ್ರವದಲ್ಲಿದ್ದರೆ ಅಲ್ಲೊಂದು ವಿದ್ಯುತ್ಕೋಶ ಏರ್ಪಟ್ಟು, ಒಂದು ಲೋಹ ಕರಗಿ ಇನ್ನೊಂದನ್ನು ಉಳಿಸುತ್ತದೆ. ಇಂಗ್ಲೆಂಡಿನ ಸರ್ ಹಂಫ್ರಿ ಡೇವಿಯವರು 1824ರಲ್ಲಿ ಈ ಗುಣವನ್ನೇ ಉಪಯೋಗಕ್ಕೆ ತಂದು, ಯುದ್ಧನೌಕೆಗಳ ತಳದ ತಾಮ್ರದ ಹೊದಿಕೆಯನ್ನು ಉಳಿಸಲು ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಅದಕ್ಕೆ ಜೋಡಿಸಬಹುದೆಂದು ತೋರಿಸಿದರು. ಇಂದಿಗೂ ಅನೇಕ ಉಷ್ಣ ವಿನಿಮಯಕಗಳ ಕಡಲನೀರಿನ ಮಗ್ಗುಲಲ್ಲಿ ಸೀಸದಕಡ್ಡಿಯಂತಹ ಸತುವಿನ ಕಡ್ಡಿಯೊಂದಿರುತ್ತದೆ. ಅದು ತಾನು ಸವೆದು ಕೊಳವೆಗಳನ್ನು ಕಾಯುತ್ತದೆ. ಸವೆದ ಮೇಲೆ ಬದಲಾಯಿಸಬೇಕು.

ಈ ಮೂರು ಕೇಡುಗಳಿಗೂ ಪರಿಹಾರವಾಗಿ ಒಳನೀರಿಗೆ ಬೆರೆಸುವ ವಸ್ತುವೇ ಎಥಿಲೀನ್ ಗ್ಲೈಕಾಲ್ ಮತ್ತು ಅದರೊಡನಿರುವ ಸವಕಳಿನಿರೋಧಕಗಳು. ಈ ಮಿಶ್ರಣಕ್ಕೆ ವ್ಯವಹಾರದಲ್ಲಿ ಕೂಲೆಂಟ್ ಎಂದು ಹೆಸರು, ಕನ್ನಡದಲ್ಲಿ ತಂಪುದ್ರವವೆನ್ನಬಹುದು. ಗ್ಲೈಕಾಲನ್ನು ಮೊದಲು ತಯಾರಿಸಿದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವುರ್ಟ್ಸ್, 1856ರಲ್ಲಿ. ಶುದ್ಧ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೆ ಹೆಪ್ಪುಗಟ್ಟಿದರೆ, ಸಮಪಾಲು ನೀರು ಬೆರೆತ ಗ್ಲೈಕಾಲ್ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಬಿಡಿಬಿಡಿಯಾಗಿ ಎರಡಕ್ಕೂ ಇಲ್ಲದ ಗುಣ ಕೂಡಿದಾಗ ಬರುತ್ತದೆ. ಹೆಚ್ಚು ಸುರಿದರೆ ಹೆಚ್ಚು ಒಳ್ಳೆಯದೆಂಬ ಭಾವನೆ ಇಲ್ಲಿ ತಪ್ಪು. ತಾಪವನ್ನು ಹೊರುವುದರಲ್ಲಿ ಗ್ಲೈಕಾಲ್ ನೀರಿಗಿಂತ ಬಹಳ ಹಿಂದು. ಸ್ಪಿಟ್‌ಫೈರ್ ಯುದ್ಧವಿಮಾನದ ಮರ್ಲಿನ್ ಎಂಜಿನ್ನಿಗೆ ಮೊದಮೊದಲು ಬರಿಯ ಗ್ಲೈಕಾಲನ್ನು ತುಂಬುತ್ತಿದ್ದು, ಅನಂತರ 70 ಪಾಲು ನೀರಿಗೆ 30 ಪಾಲು ಗ್ಲೈಕಾಲಿನ ಮಿಶ್ರಣಕ್ಕೆ ಬಂದುದು ಇದಕ್ಕೆ ಒಳ್ಳೆಯ ಉದಾಹರಣೆ. ದೋಣಿಗಳಲ್ಲಿ ಸಮಪಾಲಿನ ಮಿಶ್ರಣವೇ ಸಾಮಾನ್ಯವಾಗಿ ರೂಢಿಯಲ್ಲಿದೆ.

ಸತ್ವ ಕಳೆಯುವ ಬಗೆ

ಗ್ಲೈಕಾಲ್ ತಾನೇ ತಾನಾಗಿ ಆವಿಯಾಗಿ ಹೋಗುವುದಿಲ್ಲ. ಐದು ವರ್ಷದ ಬಳಿಕವೂ ಅದರ ಪ್ರಮಾಣವನ್ನು ಅಳೆದರೆ ಬಹುಮಟ್ಟಿಗೆ ಮೊದಲಿನಷ್ಟೇ ಇರುತ್ತದೆ. ಚಳಿಯಿಂದ ಕಾಯುವ ಗುಣವೂ ಹಾಗೆಯೇ ಉಳಿದಿರುತ್ತದೆ. ಇದರಿಂದಲೇ ದೋಣಿಯವರು ಮೋಸಹೋಗುವುದು. ಒಳಗೆ ಖರ್ಚಾಗುತ್ತಿರುವುದು ಸವಕಳಿನಿರೋಧಕಗಳು. ಅವು ಲೋಹದ ಮೈಮೇಲೆ ಅತಿ ತೆಳುವಾದ ಕವಚವನ್ನು ಕಟ್ಟುತ್ತವೆ; ಕವಚ ಹರಿದೆಡೆಯಲ್ಲಿ ಮತ್ತೆ ಕಟ್ಟುತ್ತವೆ; ಕಟ್ಟುತ್ತ ಕಟ್ಟುತ್ತ ತಾವು ತೀರಿಹೋಗುತ್ತವೆ. ಇತ್ತ ಗ್ಲೈಕಾಲ್ ತಾಪಕ್ಕೂ ಗಾಳಿಗೂ ಸಿಕ್ಕಿ ನಿಧಾನವಾಗಿ ಆಮ್ಲಗಳಾಗಿ ಮಾರ್ಪಡುತ್ತದೆ. ಆಮ್ಲವನ್ನು ಶಮನಗೊಳಿಸಲು ಬೆರೆಸಿದ್ದ ಕ್ಷಾರವೂ ಒಂದು ದಿನ ಮುಗಿಯುತ್ತದೆ. ಆ ದಿನದಿಂದ ಕಾವಲುಗಾರನೇ ಕಳ್ಳನಾಗಿ, ಎಂಜಿನ್ನನ್ನು ಕಾಯಬೇಕಾಗಿದ್ದ ದ್ರವವೇ ಅದನ್ನು ತಿನ್ನತೊಡಗುತ್ತದೆ. ಬಣ್ಣ ಮಾತ್ರ ಹಸುರಾಗಿಯೋ ಕೆಂಪಾಗಿಯೋ ಮೊದಲಿನಂತೆಯೇ ಹೊಳೆಯುತ್ತಿರಬಹುದು.

ಹೀಗಾಗಿ ತಂಪುದ್ರವದ ಆಯುಷ್ಯವನ್ನು ಎಂಜಿನ್ನು ಓಡಿದ ಗಂಟೆಗಳಿಂದ ಮಾತ್ರ ಅಳೆಯಬಾರದು, ವರ್ಷಗಳಿಂದಲೂ ಅಳೆಯಬೇಕು. ಸಿಲಿಕೇಟ್ ಮೊದಲಾದ ಖನಿಜ ಲವಣಗಳನ್ನು ನಿರೋಧಕಗಳಾಗಿ ಬಳಸುವ ಹಳೆಯ ಬಗೆಯ ದ್ರವಕ್ಕೆ ಸುಮಾರು ಎರಡು ವರ್ಷ. ಸಾವಯವ ಆಮ್ಲಗಳ ಲವಣಗಳನ್ನು ಬಳಸುವ ಈಚಿನ ಬಗೆಗೆ ಸುಮಾರು ಐದು ವರ್ಷ. ಆಯಾ ಎಂಜಿನ್ನಿನ ಕೈಪಿಡಿಯ ಮಾತೇ ಇಲ್ಲಿ ಅಂತಿಮ ಪ್ರಮಾಣ. ಈ ಎರಡು ಬಗೆಗಳನ್ನು ಬೆರೆಸಿದರೆ ಆಯುಷ್ಯ ಕುಗ್ಗುವುದಲ್ಲದೆ, ಕೆಲವು ಬೆರಕೆಗಳು ಲೋಳೆಗಟ್ಟಿ ದಾರಿಯನ್ನೇ ಮುಚ್ಚಬಹುದು. ಬಣ್ಣ ನೋಡಿ ಬಗೆಯನ್ನು ನಿರ್ಣಯಿಸುವುದೂ ಸಲ್ಲದು. ಬಣ್ಣವನ್ನು ತಯಾರಕರು ತಮಗೆ ಬೇಕಾದಂತೆ ಹಾಕುತ್ತಾರೆ.

ಬದಲಾಯಿಸುವ ಕ್ರಮ

ಕೆಲಸಕ್ಕೆ ತೊಡಗುವ ಮೊದಲು ಎಂಜಿನ್ನು ಪೂರ್ತಿಯಾಗಿ ತಣಿದಿರಬೇಕು. ಬಿಸಿಯಾದ ಎಂಜಿನ್ನಿನ ಒತ್ತಡದ ಮುಚ್ಚಳವನ್ನು ತೆರೆದರೆ, ಅಲ್ಲಿಯವರೆಗೆ ಒತ್ತಡದಿಂದ ತಡೆದು ನಿಂತಿದ್ದ ಕುದಿತ ಒಮ್ಮೆಗೇ ಭುಗಿಲೆದ್ದು ಮುಖ ಕೈಗಳನ್ನು ಸುಡುತ್ತದೆ. ಈ ಒಂದು ಎಚ್ಚರವನ್ನು ಎಷ್ಟು ಬಾರಿ ಹೇಳಿದರೂ ಹೆಚ್ಚಲ್ಲ.

ತಣಿದ ಮೇಲೆ ಮುಚ್ಚಳವನ್ನು ತೆಗೆದು, ಎಂಜಿನ್ನಿನ ಪಕ್ಕದಲ್ಲಿಯೂ ವಿನಿಮಯಕದ ಅಡಿಯಲ್ಲಿಯೂ ಇರುವ ಬಿರಡೆಗಳನ್ನು ತೆರೆದು, ದ್ರವವನ್ನು ಪಾತ್ರೆಯಲ್ಲಿ ಹಿಡಿಯಬೇಕು. ದೋಣಿಯೊಳಗೆ ಎಂಜಿನ್ನು ಕುಳಿತಿರುವ ಜಾಗ ಬಹಳ ಇಕ್ಕಟ್ಟು. ಅಡಿಯಲ್ಲಿ ಪಾತ್ರೆ ಹಿಡಿಸದೆಡೆಯಲ್ಲಿ ಬಿರಡೆಯ ಬಾಯಿಗೆ ಸಣ್ಣ ರಬ್ಬರ್ ಕೊಳವೆಯನ್ನು ಸಿಕ್ಕಿಸಿ ಹೊರಗಿನ ಡಬ್ಬಿಗೆ ಹರಿಸಬಹುದು. ಬಿರಡೆ ತೆಗೆದರೂ ದ್ರವ ಬಾರದಿದ್ದರೆ ಒಳಗೆ ಏನೂ ಇಲ್ಲವೆಂದು ತಿಳಿಯಬಾರದು. ತುಕ್ಕಿನ ಕೆಸರು ಬಾಯಿಗೆ ಕಟ್ಟಿರುತ್ತದೆ. ತಂತಿಯಿಂದ ಮೆಲ್ಲಗೆ ಕೆದಕಿದರೆ ಹರಿಯತೊಡಗುತ್ತದೆ. ಅನೇಕ ದೋಣಿಗಳಲ್ಲಿ ಸ್ನಾನದ ನೀರು ಕಾಯಿಸುವ ಹಂಡೆಗೂ ಎಂಜಿನ್ನಿನ ಒಳನೀರನ್ನೇ ಸುತ್ತಿಸಿರುತ್ತಾರೆ. ಅದರ ಕೊಳವೆಗಳಲ್ಲಿ ನಿಂತ ಹಳೆಯ ದ್ರವವನ್ನೂ ಮರೆಯದೆ ತೆಗೆಯಬೇಕು.

ಹೊರಬಂದ ದ್ರವವನ್ನು ಅಳೆಯುವುದು ಅಗತ್ಯ. ನೋಡುವುದು ಇನ್ನೂ ಅಗತ್ಯ. ತಿಳಿಯಾಗಿ ತನ್ನ ಬಣ್ಣದಲ್ಲೇ ಇದ್ದರೆ ಬದಲಾವಣೆ ಸಕಾಲದಲ್ಲಿ ಆಯಿತೆಂದರ್ಥ. ಕೆಂಗಂದು ಬಣ್ಣಕ್ಕೆ ತಿರುಗಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತಿದೆ. ಮೇಲೆ ಎಣ್ಣೆಯ ಜಿಡ್ಡು ತೇಲಿದರೆ ಸಿಲಿಂಡರಿನ ತಲೆಗೂ ಒಡಲಿಗೂ ನಡುವಣ ಗ್ಯಾಸ್ಕೆಟ್ ಸೋರುತ್ತಿರಬಹುದು. ಹಾಗೆಯೇ ಎಂಜಿನ್ನಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಆ ಕಡೆಗೆ ನುಗ್ಗಿದೆ. ಒಳನೀರಿನ ಮಟ್ಟ ಕಾರಣವಿಲ್ಲದೆ ಏರುತ್ತಿದ್ದು ದ್ರವ ತೆಳುವಾಗಿದ್ದರೆ, ವಿನಿಮಯಕದ ಕೊಳವೆ ತೂತಾಗಿ ಕಡಲನೀರು ಒಳನುಗ್ಗಿರುವ ಸಂಭವವುಂಟು. ವೈದ್ಯನು ನಾಡಿ ಹಿಡಿದು ದೇಹದ ಸ್ಥಿತಿಯನ್ನು ತಿಳಿಯುವಂತೆ, ಬಲ್ಲವನು ಈ ಪಾತ್ರೆಯನ್ನು ನೋಡಿ ಎಂಜಿನ್ನಿನ ಸ್ಥಿತಿಯನ್ನು ತಿಳಿಯುತ್ತಾನೆ.

ಆಮೇಲೆ ಬಿರಡೆಗಳನ್ನು ಬಿಗಿದು, ಶುದ್ಧನೀರನ್ನು ತುಂಬಿ, ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ನನ್ನು ನಡೆಸಿ, ತಣಿದ ಮೇಲೆ ಮತ್ತೆ ಬಸಿಯಬೇಕು. ಬಂದ ನೀರು ತಿಳಿಯಾಗುವವರೆಗೆ ಇದನ್ನು ಪುನರಾವರ್ತಿಸಬೇಕು. ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ದೋಣಿ ದಡದ ಮೇಲಿದ್ದರೆ ಅದರ ತಳದ ನಲ್ಲಿಗೆ ಕಡಲಿಲ್ಲ. ಆಗ ಬಕೆಟ್ಟಿನಿಂದಾಗಲಿ ಕೊಳವೆಯಿಂದಾಗಲಿ ಹೊರನೀರಿನ ಪಂಪಿಗೆ ನೀರನ್ನು ಒದಗಿಸದೆ ಎಂಜಿನ್ನನ್ನು ನಡೆಸಿದರೆ, ಪಂಪಿನ ರಬ್ಬರ್ ರೆಕ್ಕೆಗಳು ಒಣಗಿ ತಿರುಗಿ ಅಲ್ಪಕಾಲದಲ್ಲೇ ಹರಿದುಹೋಗುತ್ತವೆ. ಹರಿದ ಚೂರುಗಳು ವಿನಿಮಯಕದ ಕೊಳವೆಗಳಲ್ಲಿ ಸಿಕ್ಕಿಕೊಂಡರೆ ಒಂದು ಕೆಲಸ ಮಾಡಹೋಗಿ ಮತ್ತೊಂದನ್ನು ಕೆಡಿಸಿದಂತಾಗುತ್ತದೆ. ಇದೇ ಸಮಯದಲ್ಲಿ ರಬ್ಬರ್ ಕೊಳವೆಗಳನ್ನು ಅದುಮಿ ನೋಡಿ, ಬಿರುಕು ಬಿಟ್ಟವನ್ನೂ ಮೆತ್ತಗಾದವನ್ನೂ ಬದಲಾಯಿಸುವುದು ಒಳ್ಳೆಯದು.

ಹೊಸ ದ್ರವವನ್ನು ತುಂಬುವಾಗ ಸಣ್ಣದೊಂದು ಲೆಕ್ಕವಿದೆ. ತೊಳೆದ ನೀರು ಎಷ್ಟು ಬಸಿದರೂ ಎಂಜಿನ್ನಿನ ಮೂಲೆಗಳಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಒಟ್ಟು ಆರು ಲೀಟರು ಹಿಡಿಯುವ ಎಂಜಿನ್ನಿನಿಂದ ನಾಲ್ಕು ಲೀಟರು ಮಾತ್ರ ಹೊರಬಂದಿತೆನ್ನೋಣ. ಒಳಗೆ ಎರಡು ಲೀಟರು ಬರಿಯ ನೀರಿದೆ. ಅದರ ಮೇಲೆ ಸಮಪಾಲಿನ ಮಿಶ್ರಣವನ್ನು ನಾಲ್ಕು ಲೀಟರು ಸುರಿದರೆ ಆರು ಲೀಟರಿನಲ್ಲಿ ಗ್ಲೈಕಾಲ್ ಎರಡೇ ಲೀಟರು, ಎಂದರೆ ಮೂರರಲ್ಲೊಂದು ಪಾಲು ಮಾತ್ರ. ಆದುದರಿಂದ ಮೊದಲು ಬೆರೆಸದ ದ್ರವವನ್ನು ಒಟ್ಟು ಹಿಡಿತದ ಅರ್ಧದಷ್ಟು, ಇಲ್ಲಿ ಮೂರು ಲೀಟರು, ಸುರಿದು, ಉಳಿದ ಒಂದು ಲೀಟರನ್ನು ನೀರಿನಿಂದ ತುಂಬಬೇಕು. ಆ ನೀರು ಬಟ್ಟಿ ಇಳಿಸಿದ್ದಾಗಿರಬೇಕು. ಬಾವಿಯ ಅಥವಾ ನಲ್ಲಿಯ ಗಡಸುನೀರಿನ ಸುಣ್ಣದಂಶವು ನಿರೋಧಕಗಳನ್ನು ಕೆಡಿಸಿ ಹಕ್ಕಳೆಯಾಗಿ ನಿಲ್ಲುತ್ತದೆ. ಮೊದಲೇ ಬೆರೆಸಿದ ದ್ರವವನ್ನು ಕೊಂಡಿದ್ದರೆ ಒಳಗೆ ಉಳಿದ ನೀರನ್ನು ಸಾಧ್ಯವಾದಷ್ಟೂ ಬಸಿಯುವುದು ಮೇಲು.

ಆಲಿಕೆಯಿಟ್ಟು ನಿಧಾನವಾಗಿ ಸುರಿಯಬೇಕು. ಅವಸರಪಟ್ಟರೆ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಗಾಳಿಯ ಗುಳ್ಳೆ ಆವಿಯ ಗುಳ್ಳೆಯಷ್ಟೇ ಕೆಟ್ಟದ್ದು. ಎತ್ತರದಲ್ಲಿರುವ ಗಾಳಿಬಿಡುವ ಸ್ಕ್ರೂಗಳನ್ನು ಸಡಿಲಿಸಿ, ಗುಳ್ಳೆಯಿಲ್ಲದ ದ್ರವ ಬಂದ ಮೇಲೆ ಬಿಗಿಯಬೇಕು. ಎಂಜಿನ್ನನ್ನು ನಡೆಸಿ ಹದಕ್ಕೆ ತಂದಾಗ ಥರ್ಮೋಸ್ಟಾಟ್ ತೆರೆದು, ಒಳಗಿದ್ದ ಗಾಳಿ ಮೇಲೆದ್ದು, ದ್ರವದ ಮಟ್ಟ ಇಳಿಯುತ್ತದೆ. ನಿಲ್ಲಿಸಿ ತಣಿಸಿ ಮತ್ತೆ ತುಂಬಬೇಕು. ಬಿಸಿನೀರಿನ ಹಂಡೆಗೆ ಹೋಗುವ ಕೊಳವೆ ಮುಟ್ಟಿದರೆ ಬಿಸಿಯಾಗಿರಬೇಕು. ತಣ್ಣಗಿದ್ದರೆ ಅಲ್ಲಿ ಗಾಳಿ ಕುಳಿತಿದೆ. ಮೊದಲ ಪಯಣದ ಬಳಿಕ ಇನ್ನೊಮ್ಮೆ ಮಟ್ಟವನ್ನು ಪರೀಕ್ಷಿಸಬೇಕು. ಹೊರನೀರಿನ ದಾರಿಯ ಚಳಿಗಾಲದ ರಕ್ಷಣೆ ಬೇರೆಯೇ ಕೆಲಸ. ಒಳನೀರು ಬದಲಾದ ಮಾತ್ರಕ್ಕೆ ಅದು ಆದಂತಾಗದು.

ಸಿಹಿಯಾದ ವಿಷ

ಗ್ಲೈಕಾಲ್ ಎಂಬ ಹೆಸರಿನ ಮೂಲದಲ್ಲಿ ಸಿಹಿ ಎಂಬರ್ಥದ ಗ್ರೀಕ್ ಶಬ್ದವಿದೆ. ಹೆಸರಿಗೆ ತಕ್ಕಂತೆ ಅದು ಸಿಹಿಯಾಗಿಯೇ ಇರುತ್ತದೆ. ಅದರ ಅಪಾಯವೂ ಅಲ್ಲಿಯೇ ಇದೆ. ಎಥಿಲೀನ್ ಗ್ಲೈಕಾಲ್ ದೇಹದೊಳಗೆ ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಸುಣ್ಣದಂಶದೊಡನೆ ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಪ್ರಾಯದ ಮನುಷ್ಯನಿಗೂ ಸುಮಾರು 100 ಮಿಲಿಲೀಟರು ಪ್ರಾಣಾಂತಿಕ. ನಾಯಿ ಬೆಕ್ಕುಗಳೂ ಎಳೆಯ ಮಕ್ಕಳೂ ನೆಲದ ಮೇಲೆ ಚೆಲ್ಲಿದ್ದನ್ನು ನೆಕ್ಕುವ ಸಂಭವವಿರುವುದರಿಂದ ಬಸಿದ ದ್ರವವನ್ನು ತೆರೆದ ಪಾತ್ರೆಯಲ್ಲಿ ಬಿಡಬಾರದು, ಕುಡಿಯುವ ನೀರಿನ ಬಾಟಲಿಗಳಲ್ಲಿ ಎಂದಿಗೂ ತುಂಬಿಡಬಾರದು. ಯಾರಾದರೂ ಕುಡಿದರೆಂಬ ಸಂಶಯ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ವಿಷಗುಣ ಬಹಳ ಕಡಿಮೆಯಿರುವ ಪ್ರೊಪಿಲೀನ್ ಗ್ಲೈಕಾಲಿನ ದ್ರವಗಳೂ ಈಗ ದೊರೆಯುತ್ತವೆ. ಎಂಜಿನ್ನಿನ ಕೈಪಿಡಿ ಒಪ್ಪಿದರೆ ಅವನ್ನು ಬಳಸಬಹುದು.

ದೋಣಿಯ ತಳಕ್ಕೆ ಸೋರಿದ ದ್ರವವನ್ನು ಅಲ್ಲಿಯೇ ಬಿಟ್ಟರೆ, ತಳದ ನೀರನ್ನು ತಾನಾಗಿ ಹೊರಹಾಕುವ ಪಂಪು ಅದನ್ನು ಕಡಲಿಗೆ ಚೆಲ್ಲುತ್ತದೆ. ಹಳೆಯ ದ್ರವದಲ್ಲಿ ಎಂಜಿನ್ನಿನ ಲೋಹಗಳೂ ಕರಗಿರುತ್ತವೆ. ಆದಕಾರಣ ಚೆಲ್ಲಿದ್ದನ್ನು ಬಟ್ಟೆಯಿಂದ ಹೀರಿ ತೆಗೆದು, ಬಸಿದುದನ್ನು ಭದ್ರವಾದ ಡಬ್ಬಿಯಲ್ಲಿ ತುಂಬಿ, ಇಂತಹ ತ್ಯಾಜ್ಯವನ್ನು ಸ್ವೀಕರಿಸುವ ಬಂದರಿನ ಅಥವಾ ವರ್ಕ್‌ಷಾಪಿನ ವಶಕ್ಕೆ ಕೊಡಬೇಕು. ದೋಣಿಯನ್ನು ಹೊತ್ತು ನಡೆಸುವ ಕಡಲಿಗೆ ಅದರ ಕೊಳೆಯನ್ನು ಉಣಿಸುವುದು ಕೃತಜ್ಞತೆಯಲ್ಲ.

ಕಾಣದ ಕೆಲಸ

ಎಲ್ಲವೂ ಮುಗಿದ ಮೇಲೆ ಉಳಿಯುವ ಕೊನೆಯ ಕೆಲಸ ಬರೆವಣಿಗೆ. ಬದಲಾಯಿಸಿದ ದಿನಾಂಕ, ದ್ರವದ ಬಗೆ, ಎಂಜಿನ್ನು ಅಲ್ಲಿಯವರೆಗೆ ಓಡಿದ ಗಂಟೆಗಳು, ಈ ಮೂರನ್ನೂ ದೋಣಿಯ ದಿನಚರಿಯಲ್ಲಿ ಬರೆದು, ಎಂಜಿನ್ನಿಗೂ ಒಂದು ಚೀಟಿಯನ್ನು ಕಟ್ಟಬೇಕು. ಮುಂದೆ ಆ ದೋಣಿಯನ್ನು ನಡೆಸುವವನು ಬೇರೆಯವನಿರಬಹುದು. ತೊಟ್ಟಿಯೊಳಗಿನ ಹೊಳೆಯುವ ದ್ರವವನ್ನು ನೋಡಿ ಅವನಿಗೆ ಏನೂ ತಿಳಿಯದು. ಚೀಟಿಯನ್ನು ನೋಡಿದರೆ ತಿಳಿಯುತ್ತದೆ.

ಈ ಕೆಲಸಕ್ಕೆ ಹಿಡಿಯುವುದು ಒಂದು ಹಗಲು, ಬೇಕಾಗುವುದು ಕೆಲವು ಲೀಟರು ದ್ರವ. ಇದನ್ನು ಮಾಡಿದುದರಿಂದ ದೋಣಿ ಹೆಚ್ಚು ವೇಗವಾಗಿ ಓಡುವುದಿಲ್ಲ, ನೋಡಲು ಹೆಚ್ಚು ಚೆಲುವಾಗುವುದೂ ಇಲ್ಲ. ಹೊಸ ಹಾಯಿಯನ್ನು ಕೂವೆಮರಕ್ಕೇರಿಸಿದರೆ ದಡದಲ್ಲಿ ನಿಂತವರೆಲ್ಲರೂ ಕಾಣುತ್ತಾರೆ. ಒಳನೀರನ್ನು ಬದಲಾಯಿಸಿದುದನ್ನು ಯಾರೂ ಕಾಣುವುದಿಲ್ಲ. ಕಟ್ಟಿದ್ದನ್ನು ಕೆಡದಂತೆ ಕಾಯುವ ಕೆಲಸಗಳೆಲ್ಲವೂ ಬಹುಮಟ್ಟಿಗೆ ಇಂತಹವೇ. ಅವು ಸರಿಯಾಗಿ ನಡೆದಾಗ ಏನೂ ಆಗುವುದಿಲ್ಲ, ಏನೂ ಆಗದಿರುವುದೇ ಅವುಗಳ ಫಲ. ಮುಸ್ಸಂಜೆಯ ಹೊತ್ತು ಗಾಳಿ ಬಿದ್ದುಹೋಗಿ, ಬಂಡೆಗಳ ಸದ್ದು ಹತ್ತಿರವಾಗುತ್ತಿರುವಾಗ, ಹಾಯಿದೋಣಿಯ ಎಂಜಿನ್ನು ಕರೆದೊಡನೆ ಎದ್ದು, ಉಷ್ಣಮಾಪಕದ ಮುಳ್ಳು ತನ್ನ ಎಡೆಯಲ್ಲೇ ನಿಂತು, ದೋಣಿ ಬಂದರಿನ ಬಾಯಿಯನ್ನು ನೆಮ್ಮದಿಯಾಗಿ ಹೊಕ್ಕಿತೆಂದರೆ, ಹಿಂದೊಂದು ದಿನ ಯಾರೋ ಒಬ್ಬರು ಇಕ್ಕಟ್ಟಿನಲ್ಲಿ ಬಗ್ಗಿ ಕುಳಿತು ಹಳೆಯ ನೀರನ್ನು ಬಸಿದು ಹೊಸದನ್ನು ತುಂಬಿದ್ದರೆಂದು ತಿಳಿಯಬೇಕು.